ಐಫೋನಿನ ಎಲ್ಲಾ ಬ್ರೌಸರ್ ಒಳಗೂ ವೆಬ್‌ಕಿಟ್ಟೇ ಇದ್ದರೆ, ಬ್ರೌಸರ್ ಬದಲಿಸಿ ಏನು ಉಪಯೋಗ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಇದು, ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ನನ್ನದು ಐಫೋನ್. ಸಫಾರಿ ಜೊತೆಗೆ ಕ್ರೋಮ್, ಫೈರ್‌ಫಾಕ್ಸ್ ಎರಡೂ ಹಾಕಿಕೊಂಡಿದ್ದೇನೆ. ಬ್ಯಾಂಕ್ ಕೆಲಸಕ್ಕೆ ಒಂದು, ಉಳಿದದ್ದಕ್ಕೆ ಇನ್ನೊಂದು. ಈಗ ಗೆಳೆಯರೊಬ್ಬರು ಹೇಳುತ್ತಾರೆ, ಮೂರೂ ಹೊರಗಿನಿಂದ ಮಾತ್ರ ಬೇರೆ, ಒಳಗೆ ಪುಟ ತೆರೆದು ತೋರಿಸುವ ಎಂಜಿನ್ ಒಂದೇ, ಅದು ಆಪಲ್‌ನ ವೆಬ್‌ಕಿಟ್ ಅಂತ. ಇದು ಸುರಕ್ಷತೆಗಾಗಿ ಅಂತ ಆಪಲ್ ಹೇಳುತ್ತದಂತೆ. ನಿಜವಾಗಿ ಸುರಕ್ಷತೆಗೇನಾ, ಅಥವಾ ಹಿಡಿತ ಬಿಡಬಾರದು ಅಂತ ಕೊಡುವ ಕಾರಣವಾ?

ಇನ್ನೊಂದು ಪ್ರಶ್ನೆ ಅಮ್ಮನ ಫೋನಿನದು. ಅದು 3 ಜಿಬಿ ರ‍್ಯಾಮ್ ಇರುವ ಆಂಡ್ರಾಯ್ಡ್. ಅವರಿಗೆ ಜಾಹೀರಾತಿನ ಕಾಟ ಜಾಸ್ತಿ. ಸುದ್ದಿ ಓದಲು ಹೋಗಿ ಎಲ್ಲೋ ಒತ್ತಿ 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಅನ್ನುವ ಪುಟಕ್ಕೆ ಹೋಗಿ ಗಾಬರಿ ಆಗುತ್ತಾರೆ. ಫೈರ್‌ಫಾಕ್ಸ್ ಹಾಕಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸೋಣ ಅಂದುಕೊಂಡಿದ್ದೆ. ಆದರೆ ಆಂಡ್ರಾಯ್ಡ್‌ನಲ್ಲಿ ಫೈರ್‌ಫಾಕ್ಸ್‌ನ ಭದ್ರತೆ ಕ್ರೋಮ್‌ಗಿಂತ ಕಮ್ಮಿ ಅಂತ ಓದಿದೆ. ಯಾವುದನ್ನು ನಂಬಬೇಕು?

ಕೋಡ್‌ಕಟ್ಟೆ:

ನಿಮ್ಮ ಗೆಳೆಯರು ಹೇಳಿದ್ದು ಸರಿ. ಆಪ್ ಸ್ಟೋರ್ ನಿಯಮ 2.5.6 ಇದೆ, ನಮ್ಮಲ್ಲಿ ವೆಬ್ ತೋರಿಸುವ ಆ್ಯಪ್ ಯಾವುದೇ ಇರಲಿ, ವೆಬ್‌ಕಿಟ್ಟನ್ನೂ, ಪುಟದೊಳಗಿನ ಪ್ರೋಗ್ರಾಮ್ (ಜಾವಾಸ್ಕ್ರಿಪ್ಟ್) ಓಡಿಸುವ ಅದರ ಎಂಜಿನ್ನನ್ನೂ ಬಳಸಬೇಕು. ಹಾಗಂತ ಬೇರೆ ಬ್ರೌಸರ್ ಇಟ್ಟುಕೊಂಡದ್ದು ದಂಡ ಅಲ್ಲ. ಕುಕಿ, ಲಾಗಿನ್, ಹಿಸ್ಟರಿ ಎಲ್ಲಾ ಆಯಾ ಆ್ಯಪ್‌ನಲ್ಲೇ ಉಳಿಯುತ್ತವೆ. ಬ್ಯಾಂಕಿಗೆ ಒಂದು ಬ್ರೌಸರ್ ಬೇರೆ ಇಡುವುದು ಒಳ್ಳೆಯ ಅಭ್ಯಾಸವೇ, ಬಿಡಬೇಡಿ.

ಸುರಕ್ಷತೆಯ ಕಾರಣ ಸುಳ್ಳಾ? ಪೂರ್ತಿ ಸುಳ್ಳಲ್ಲ. ಇದು ಅರ್ಥ ಆಗಬೇಕಾದರೆ ಜಿಟ್ ಏನು ಅಂತ ಗೊತ್ತಿರಬೇಕು. ಜಾವಾಸ್ಕ್ರಿಪ್ಟನ್ನು ಒಂದೊಂದೇ ಸಾಲು ಓದಿ ನಡೆಸಿದರೆ ನಿಧಾನ. ಅದಕ್ಕೆ ಎಂಜಿನ್ ಏನು ಮಾಡುತ್ತದೆ ಅಂದರೆ, ಪದೇ ಪದೇ ಓಡುವ ಭಾಗವನ್ನು ಅಲ್ಲೇ, ಆ ಕ್ಷಣದಲ್ಲೇ ಪ್ರೊಸೆಸರ್‌ಗೆ ಅರ್ಥವಾಗುವ ಕೋಡ್ ಆಗಿ ಬದಲಿಸಿ, ಮೆಮೊರಿಯಲ್ಲಿ ಬರೆದು, ಅದನ್ನೇ ಓಡಿಸುತ್ತದೆ. ವೇಗ ಸಿಗುತ್ತದೆ. ಆದರೆ ಫೋನಿನಲ್ಲಿ ಹೊಸ ಕೋಡ್ ಬರೆದು ಓಡಿಸುವ ಶಕ್ತಿ ಒಂದು ಪ್ರೋಗ್ರಾಮ್‌ಗೆ ಸಿಕ್ಕಿತು ಅಂದ ಹಾಗಾಯಿತು, ದಾಳಿ ಮಾಡುವವರಿಗೆ ಬೇಕಾಗಿರುವುದೂ ಅದೇ. ಆಪಲ್ ಒಪ್ಪಿಗೆಯ ಡಿಜಿಟಲ್ ಸಹಿ ಇಲ್ಲದ ಕೋಡ್ ಓಡಬಾರದು ಅನ್ನುವುದು ಐಓಎಸ್‌ನ ಮೂಲ ನಿಯಮ. ಆ ನಿಯಮಕ್ಕೆ ವಿನಾಯಿತಿಯನ್ನು ಆಪಲ್ ತನ್ನ ವೆಬ್‌ಕಿಟ್‌ಗೆ ಕೊಟ್ಟುಕೊಂಡಿತು, ಆಪ್ ಸ್ಟೋರಿನ ಬೇರೆ ಆ್ಯಪ್‌ಗಳಿಗೆ ಕೊಡಲಿಲ್ಲ.

ಇದರ ಪರಿಣಾಮ 2012ರಲ್ಲಿ ಕ್ರೋಮ್ ಐಫೋನಿಗೆ ಬಂದಾಗ ಎದ್ದು ಕಂಡಿತು. ಆಗ ಆ್ಯಪ್ ಒಳಗೆ ವೆಬ್ ಪುಟ ತೋರಿಸಲು ಹೊರಗಿನವರಿಗೆ ಆಪಲ್‌ನಿಂದ ಸಿಗುತ್ತಿದ್ದದ್ದು ಯುಐವೆಬ್‌ವ್ಯೂ. ಅದು ಆ್ಯಪ್‌ನ ಸ್ವಂತ ಪ್ರೊಸೆಸ್ (ತನ್ನದೇ ಮೆಮೊರಿ ಇಟ್ಟುಕೊಂಡು ಓಡುವ ಪ್ರೋಗ್ರಾಮ್) ಒಳಗೇ ಓಡುತ್ತಿತ್ತು, ಅದಕ್ಕೆ ಜಿಟ್ ಇರಲಿಲ್ಲ. ಸಫಾರಿಗೆ ಇತ್ತು. ಹಾಗಾಗಿ ಕ್ರೋಮ್ ನಿಧಾನ. 2014ರಲ್ಲಿ ಐಓಎಸ್ 8 ಜೊತೆ ಡಬ್ಲ್ಯುಕೆವೆಬ್‌ವ್ಯೂ ಬಂತು. ಪುಟ ತೆರೆಯುವ ಕೆಲಸ ಬೇರೆಯದೇ ಪ್ರೊಸೆಸ್‌ಗೆ ಹೋಯಿತು, ಅದಕ್ಕೆ ಕಟ್ಟುನಿಟ್ಟಿನ ಸ್ಯಾಂಡ್‌ಬಾಕ್ಸ್ (ಹೊರಗಿನದನ್ನು ಮುಟ್ಟಲು ಬಿಡದ ಬೇಲಿ) ಹಾಕಿ, ಆಮೇಲೆ ಜಿಟ್ ಕೊಟ್ಟರು. 2016ರ ಆರಂಭದಲ್ಲಿ ಕ್ರೋಮ್ 48 ಅದಕ್ಕೆ ಬದಲಾದಾಗ ಕ್ರ್ಯಾಶ್ 70% ಕಡಿಮೆ ಆಯಿತು ಅಂತ ಗೂಗಲ್‌ನವರೇ ಹೇಳಿದ್ದರು. ಅಂದರೆ ವಿನ್ಯಾಸದ ಹಿಂದೆ ನಿಜವಾದ ಯೋಚನೆ ಇದೆ.

ಆದರೆ ಒಂದೇ ಎಂಜಿನ್ ಅಂದರೆ ಒಂದೇ ಲೋಪ ಎಲ್ಲರಿಗೂ. ಸಫಾರಿ 15ರಲ್ಲಿ ಇಂಡೆಕ್ಸ್ಡ್‌ಡಿಬಿಯಲ್ಲಿ (ಸೈಟುಗಳು ಬ್ರೌಸರ್ ಒಳಗೆ ಮಾಹಿತಿ ಇಡುವ ಜಾಗ) ಬಗ್ ಒಂದು ಇತ್ತು. ಒಂದು ಸೈಟ್ ಇಟ್ಟುಕೊಂಡ ಡೇಟಾಬೇಸಿನ ಹೆಸರು ಇನ್ನೊಂದು ಸೈಟಿಗೆ ಕಾಣುತ್ತಿತ್ತು. ಗೂಗಲ್ ಸೈಟುಗಳು ಆ ಹೆಸರಿನಲ್ಲೇ ಬಳಕೆದಾರರ ಗುರುತಿನ ಸಂಖ್ಯೆ ಇಡುತ್ತಿದ್ದವು, ಹಾಗಾಗಿ ನೀವು ಯಾರು ಅಂತಲೇ ಗೊತ್ತಾಗುತ್ತಿತ್ತು. 2022ರ ಜನವರಿಯಲ್ಲಿ ವಿಷಯ ಹೊರಗೆ ಬಂತು. ಮ್ಯಾಕ್ ಇದ್ದವರು ಅಷ್ಟು ದಿನ ಬೇರೆ ಬ್ರೌಸರ್ ಬಳಸಿ ಪಾರಾಗಬಹುದಿತ್ತು. ಐಫೋನಿನವರಿಗೆ ಆ ದಾರಿ ಇರಲಿಲ್ಲ, ಐಓಎಸ್ 15.3 ಬರುವ ತನಕ ಕಾಯಬೇಕಾಯಿತು. 2023ರ ಅಕ್ಟೋಬರ್‌ನಲ್ಲಿ ಸಂಶೋಧಕರು ತೋರಿಸಿದ ಐಲೀಕೇಜ್ ಅನ್ನುವ ದಾಳಿ ಕೂಡ ಹೀಗೇ. ಪ್ರೊಸೆಸರ್ ಮುಂದಾಗಿ ಊಹಿಸಿ ಕೆಲಸ ಮಾಡುವ ಗುಣವನ್ನು ಬಳಸಿಕೊಂಡು, ಒಂದು ಪುಟದಿಂದ ಇನ್ನೊಂದು ಪುಟದ ಮಾಹಿತಿ ಓದಿದರು. ಜಿಮೇಲ್ ಇನ್‌ಬಾಕ್ಸ್‌ನಲ್ಲಿರುವ ಮೇಲ್‌ಗಳ ವಿಷಯದ ಸಾಲು, ತಾನಾಗಿ ತುಂಬಿದ ಪಾಸ್‌ವರ್ಡ್ ಎಲ್ಲಾ ತೆಗೆದು ತೋರಿಸಿದ್ದರು. ಐಫೋನಿನಲ್ಲಿ ಕ್ರೋಮ್, ಫೈರ್‌ಫಾಕ್ಸ್ ಯಾವುದರಲ್ಲಿದ್ದರೂ ಅಪಾಯ ಒಂದೇ ಆಗಿತ್ತು.

ಅರುಣಾ_ವೆಬ್:

ಜಿಟ್ ವಿಚಾರ ಸರಿಯಾಗಿ ಹೇಳಿದ್ದೀರಿ ಸರ್. ಆದರೆ ನಾನು ವೆಬ್‌ಸೈಟ್ ಕಟ್ಟುವ ಕೆಲಸದಲ್ಲಿರುವವಳು, ನಮ್ಮ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಸುರಕ್ಷತೆ ಅನ್ನುವ ಒಂದು ಪದದ ಕೆಳಗೆ ತುಂಬಾ ವಿಷಯಗಳನ್ನು ಮುಚ್ಚಿಡುತ್ತಾರೆ ಅನ್ನುವುದು ನನ್ನ ಅಭಿಪ್ರಾಯ.

ಪುಶ್ ನೋಟಿಫಿಕೇಶನ್ ತಗೊಳ್ಳಿ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ 2015ರಿಂದಲೇ ವೆಬ್‌ಸೈಟ್ ಅದನ್ನು ಕಳಿಸಬಹುದು. ಐಫೋನಿಗೆ ಬಂದದ್ದು 2023ರ ಮಾರ್ಚ್‌ನಲ್ಲಿ, ಐಓಎಸ್ 16.4 ಜೊತೆ, ಅದೂ ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡ ವೆಬ್ ಆ್ಯಪ್‌ಗಳಿಗೆ (ಆ್ಯಪ್ ಹಾಗೆ ತೆರೆಯುವ ವೆಬ್‌ಸೈಟ್) ಮಾತ್ರ. ಅಷ್ಟು ವರ್ಷ ಬೇರೆ ಎಂಜಿನ್‌ಗೆ ಅವಕಾಶ ಇದ್ದಿದ್ದರೆ ಯಾರೋ ಒಬ್ಬರು ಮೊದಲೇ ಕೊಟ್ಟಿರುತ್ತಿದ್ದರು, ಅಲ್ವಾ? ಸಣ್ಣ ಸಂಸ್ಥೆಗಳು ಒಂದು ನೋಟಿಫಿಕೇಶನ್‌ಗೋಸ್ಕರ ಪೂರ್ತಿ ಆ್ಯಪ್ ಕಟ್ಟಿಸುತ್ತವೆ. ಅದರ ಖರ್ಚು ಅವರಿಗೇ ಬೀಳುತ್ತದೆ.

ಯುರೋಪಿನಲ್ಲಿ ದೊಡ್ಡ ಟೆಕ್ ಕಂಪನಿಗಳ ಹಿಡಿತಕ್ಕೆ ಕಡಿವಾಣ ಹಾಕುವ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಬಂದಾಗ ಏನಾಯಿತು ನೋಡಿ. 2024ರ ಮಾರ್ಚ್‌ನಲ್ಲಿ ಐಓಎಸ್ 17.4 ಬಂದು, ಅಲ್ಲಿ ಬೇರೆ ಎಂಜಿನ್‌ಗೆ ಬಾಗಿಲು ತೆರೆಯಬೇಕಾಯಿತು. ಅದಕ್ಕೆ ಮುಂಚೆ ಫೆಬ್ರವರಿಯಲ್ಲಿ ಆಪಲ್, ಸುರಕ್ಷತೆ ಕಷ್ಟ ಅನ್ನುವ ಕಾರಣ ಕೊಟ್ಟು ಯುರೋಪಿನಲ್ಲಿ ಹೋಮ್ ಸ್ಕ್ರೀನ್ ವೆಬ್ ಆ್ಯಪ್‌ಗಳನ್ನೇ ತೆಗೆಯುತ್ತೇವೆ ಅಂದಿತು. ಡೆವಲಪರ್‌ಗಳು ಜೋರಾಗಿ ವಿರೋಧಿಸಿದರು. ಮಾರ್ಚ್ 1ಕ್ಕೆ ಆ ನಿರ್ಧಾರ ವಾಪಸ್ ಹೋಯಿತು. ಅಷ್ಟು ದೊಡ್ಡ ಅಪಾಯ ಇದ್ದಿದ್ದರೆ ಕೆಲವೇ ವಾರಗಳಲ್ಲಿ ಹೇಗೆ ವಾಪಸ್ ಪಡೆಯುತ್ತಿದ್ದರು?

ಬಾಗಿಲು ತೆರೆದದ್ದೂ ಅರ್ಧಂಬರ್ಧ. ಬೇರೆ ಎಂಜಿನ್ ಇರುವ ಬ್ರೌಸರನ್ನು ಹೊಸ ಆ್ಯಪ್ ಆಗಿಯೇ ತರಬೇಕು, ಯುರೋಪಿಗೆ ಒಂದು, ಉಳಿದ ಜಗತ್ತಿಗೆ ಒಂದು. ಎರಡನ್ನೂ ಸಾಕಬೇಕು. ಆಮೇಲೆ ಜಪಾನಿನಲ್ಲೂ ಕಾನೂನು ಬಂತು, 2025ರ ಡಿಸೆಂಬರ್‌ನಿಂದ ಅಲ್ಲೂ ಅವಕಾಶ. ನಮ್ಮಲ್ಲಿ ಇಲ್ಲ. ಹಾಗಾಗಿ ತುಂಗಾತೀರ ಅವರೇ, ನಿಮ್ಮ ಮೊದಲನೇ ಪ್ರಶ್ನೆಗೆ ನನ್ನ ಉತ್ತರ: ಕಾರಣ ಎರಡೂ ಹೌದು, ಆದರೆ ಹಿಡಿತದ ಪಾಲು ಅವರು ಒಪ್ಪಿಕೊಳ್ಳುವುದಕ್ಕಿಂತ ಜಾಸ್ತಿ.

ಕೋಡ್‌ಕಟ್ಟೆ:

ಮೇಡಂ, ಹೋಮ್ ಸ್ಕ್ರೀನ್ ಆ್ಯಪ್ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಯುರೋಪಿನಲ್ಲಿ ಬೇರೆ ಎಂಜಿನ್ ತರುವವರಿಗೆ ಆಪಲ್ ಹಾಕಿದ ಷರತ್ತುಗಳಲ್ಲಿ ಕೆಲವು ನನಗೆ ಸರಿ ಅನಿಸಿದವು. ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್‌ಗಳಲ್ಲಿ (ಎಂಜಿನ್ ವೆಬ್ ನಿಯಮದಂತೆ ನಡೆಯುತ್ತದಾ ಅಂತ ನೋಡುವ ಪರೀಕ್ಷೆಗಳು) 90% ಪಾಸ್ ಆಗಬೇಕು, ಲೋಪ ಸಿಕ್ಕರೆ ಬೇಗ ಸರಿಮಾಡಬೇಕು, ಹೊರಗಿಂದ ಬರುವ ವೆಬ್ ಪುಟಗಳನ್ನು ಮುಟ್ಟುವ ಕೋಡಿಗೆ ಮೆಮೊರಿಯ ತಪ್ಪು ಬಳಕೆ ತಡೆಯುವ ಪ್ರೋಗ್ರಾಮಿಂಗ್ ಭಾಷೆ ಅಥವಾ ಬೇರೆ ಭಾಷೆಯಲ್ಲಿ ಅಂಥ ಸೌಲಭ್ಯ ಬಳಸಬೇಕು, ಹೀಗೆ. ಯಾರೋ ಹಳೆಯ ಎಂಜಿನ್ ಒಂದನ್ನು ಎತ್ತಿಕೊಂಡು ಬಂದು, ಜಿಟ್ ಅನುಮತಿ ಪಡೆದು, ಎರಡು ವರ್ಷ ಅಪ್‌ಡೇಟ್ ಕೊಡದೆ ಬಿಟ್ಟರೆ ಏನು ಗತಿ?

ಎಂಜಿನ್ ಬೇರೆ ಬೇರೆ ಇದ್ದರೆ ತಾನಾಗಿ ಸುರಕ್ಷಿತ ಅಂತಲೂ ಅಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಲಿಬ್‌ವೆಬ್‌ಪಿ ಲೋಪ ನೆನಪಿದೆಯಾ? ವೆಬ್‌ಪಿ ಚಿತ್ರ ಬಿಡಿಸುವ ಆ ಸಣ್ಣ ಲೈಬ್ರರಿಯನ್ನು ಎಲ್ಲರೂ ಸೇರಿಸಿಕೊಂಡಿದ್ದರು. ಕ್ರೋಮ್, ಫೈರ್‌ಫಾಕ್ಸ್, ಆಪಲ್ ಮೂರಕ್ಕೂ ಒಂದೇ ತಿಂಗಳಲ್ಲಿ ತುರ್ತು ಪ್ಯಾಚ್ (ಲೋಪ ಮುಚ್ಚುವ ಅಪ್‌ಡೇಟ್) ಬಿಡಬೇಕಾಯಿತು.

ನನಗೆ ಎಂಜಿನ್ ಹೆಸರಿಗಿಂತ ದೊಡ್ಡ ಪ್ರಶ್ನೆ ಅಂದರೆ, ಲೋಪ ಸಿಕ್ಕ ದಿನದಿಂದ ಪ್ಯಾಚ್ ನಿಮ್ಮ ಕೈಯಲ್ಲಿರುವ ಫೋನಿಗೆ ಬರುವ ತನಕ ಎಷ್ಟು ದಿನ ಅನ್ನುವುದು. ಐಫೋನಿನಲ್ಲಿ ವೆಬ್‌ಕಿಟ್ ಓಎಸ್ ಜೊತೆಗೇ ಬೆಸೆದುಕೊಂಡಿದೆ, ಎಂಜಿನ್ ಬದಲಾಗಬೇಕಾದರೆ ಓಎಸ್ ಅಪ್‌ಡೇಟ್ ಆಗಬೇಕು. ವೆಬ್‌ಕಿಟ್ ಮುಕ್ತ ತಂತ್ರಾಂಶ ಬೇರೆ, ಹಾಗಾಗಿ ಸರಿಮಾಡಿದ ಕೋಡ್ ಜಗತ್ತಿಗೆ ಮೊದಲು ಕಾಣುತ್ತದೆ, ಫೋನಿಗೆ ಆಮೇಲೆ ಬರುತ್ತದೆ. ನಡುವಿನ ದಿನಗಳಲ್ಲಿ ಅದನ್ನು ಓದಿ ದಾಳಿ ಬರೆಯುವವರು ಇದ್ದಾರೆ. ಕ್ರೋಮ್ ತಂಡ ಇದಕ್ಕೇ 2023ರ ಆಗಸ್ಟ್‌ನಿಂದ ವಾರಕ್ಕೊಂದು ಭದ್ರತಾ ಅಪ್‌ಡೇಟ್ ಶುರುಮಾಡಿತು. ಆಪಲ್ ಕೂಡ ಅದೇ ವರ್ಷ ಮೇ ತಿಂಗಳಿಂದ ರ‍್ಯಾಪಿಡ್ ಸೆಕ್ಯುರಿಟಿ ರೆಸ್ಪಾನ್ಸ್ ಅಂತ ಸಣ್ಣ ಪ್ಯಾಚ್ ಕೊಡಲು ಶುರುಮಾಡಿತು. ಜುಲೈನಲ್ಲಿ ಬಂದ ಒಂದು ಪ್ಯಾಚ್ ಆವೃತ್ತಿಯ ಸಂಖ್ಯೆಗೆ ಒಂದು '(ಎ)' ಸೇರಿಸಿದ್ದೇ ತಡ, ಕೆಲವು ದೊಡ್ಡ ಸೈಟುಗಳಿಗೆ ಬ್ರೌಸರ್ ಯಾವುದು ಅಂತ ತಿಳಿಯದೆ ಪುಟವೇ ಸರಿಯಾಗಿ ತೆರೆಯಲಿಲ್ಲ. ಅದನ್ನು ಹಿಂದಕ್ಕೆ ಪಡೆದು ಮತ್ತೆ ಕೊಟ್ಟರು.

ಪ್ರೊಸೆಸ್_ಪಾಲಕ:

ಅಮ್ಮನ ಫೋನಿನ ಪ್ರಶ್ನೆಗೆ ಯಾರೂ ಬಂದಿಲ್ಲ, ನಾನು ಹೇಳುತ್ತೇನೆ. ನನಗೆ ಆಂಡ್ರಾಯ್ಡ್ ಬ್ರೌಸರ್‌ಗಳ ಒಳಗಿನ ರಚನೆ ಸ್ವಲ್ಪ ಪರಿಚಯ.

2018ರ ಜನವರಿಯಲ್ಲಿ ಪ್ರೊಸೆಸರ್ ಊಹಿಸಿ ಕೆಲಸ ಮಾಡುವುದನ್ನೇ ಬಳಸಿಕೊಳ್ಳುವ ಸ್ಪೆಕ್ಟರ್ ದಾಳಿ ಹೊರಬಂದಾಗ ಒಂದು ಮಾತು ಸ್ಪಷ್ಟ ಆಯಿತು. ಎರಡು ಸೈಟ್‌ಗಳು ಒಂದೇ ಪ್ರೊಸೆಸ್‌ನಲ್ಲಿ ಇದ್ದರೆ, ಒಂದರ ಮೆಮೊರಿಯನ್ನು ಇನ್ನೊಂದು ಓದಬಹುದು ಅಂತಲೇ ಅಂದುಕೊಳ್ಳಬೇಕು. ಪರಿಹಾರ, ಪ್ರತಿ ಸೈಟಿಗೂ ಬೇರೆ ಪ್ರೊಸೆಸ್. ಇದಕ್ಕೆ ಸೈಟ್ ಐಸೊಲೇಶನ್ ಅನ್ನುತ್ತಾರೆ. ಕ್ರೋಮ್ ಡೆಸ್ಕ್‌ಟಾಪ್‌ನಲ್ಲಿ ಅದೇ ವರ್ಷ ಎಲ್ಲಾ ಸೈಟುಗಳಿಗೂ ಹಾಕಿದರು, ಮೆಮೊರಿ 10ರಿಂದ 13% ಜಾಸ್ತಿ ಬೇಕಾಯಿತು. ಕಂಪ್ಯೂಟರಿನಲ್ಲಿ ತಡೆದುಕೊಳ್ಳಬಹುದು. ಫೋನಿನಲ್ಲಿ ರ‍್ಯಾಮ್ ತುಂಬಿದರೆ ಆಂಡ್ರಾಯ್ಡ್ ಹಿನ್ನೆಲೆಯ ಆ್ಯಪ್‌ಗಳನ್ನು ಕೊಂದುಹಾಕುತ್ತದೆ, ನೀವು ಅರ್ಧ ತುಂಬಿದ ಫಾರ್ಮ್ ಬಿಟ್ಟು ಒಟಿಪಿ ನೋಡಲು ಹೋಗಿ ಬಂದರೆ ಪುಟ ಮತ್ತೆ ಮೊದಲಿಂದ ಲೋಡ್ ಆಗುತ್ತದೆ. ಹಾಗಾಗಿ 2019ರಲ್ಲಿ ಆಂಡ್ರಾಯ್ಡ್‌ಗೆ ಕ್ರೋಮ್ 77 ಜೊತೆ ತಂದಾಗ ರಾಜಿ ಮಾಡಿಕೊಂಡರು. 2 ಜಿಬಿ ಅಥವಾ ಹೆಚ್ಚು ರ‍್ಯಾಮ್ ಇರುವ ಫೋನಿಗೆ ಮಾತ್ರ, ಅದರಲ್ಲೂ ಪಾಸ್‌ವರ್ಡ್ ಹಾಕಿ ಒಳಹೋಗುವ ಸೈಟುಗಳಿಗೆ ಮಾತ್ರ. ಆಗ ಮೆಮೊರಿ ಹೊರೆ 3ರಿಂದ 5%. ನನ್ನ ಮಟ್ಟಿಗೆ ಇದು ಒಳ್ಳೆಯ ನಿರ್ಧಾರ, ಆದರೆ ಇದರ ಅರ್ಥ ಕಡಿಮೆ ಬೆಲೆಯ ಫೋನಿನವರಿಗೆ ಕಡಿಮೆ ರಕ್ಷಣೆ ಅಂತಲೇ. ನಮ್ಮಲ್ಲಿ ಅಂಥ ಫೋನೇ ಜಾಸ್ತಿ, ಅದು ಬೇಜಾರಿನ ವಿಷಯ. ಅಮ್ಮನ 3 ಜಿಬಿ ಫೋನಿಗೆ ಈ ಮಟ್ಟದ ರಕ್ಷಣೆ ಇದೆ.

ಫೈರ್‌ಫಾಕ್ಸ್ ಡೆಸ್ಕ್‌ಟಾಪ್‌ಗೆ ಇದೇ ಕೆಲಸ ಫಿಶನ್ ಅನ್ನುವ ಹೆಸರಲ್ಲಿ 2021ರಲ್ಲಿ ಬಂತು. ಆಂಡ್ರಾಯ್ಡ್ ಫೈರ್‌ಫಾಕ್ಸ್ ಮಾತ್ರ ವರ್ಷಗಟ್ಟಲೆ ಹಿಂದೆ ಉಳಿಯಿತು. ಆಂಡ್ರಾಯ್ಡ್‌ನಲ್ಲಿ ಐಸೊಲೇಟೆಡ್ ಪ್ರೊಸೆಸ್ ಅನ್ನುವ ಸೌಲಭ್ಯ ಇದೆ, ಅದರಲ್ಲಿ ಓಡುವ ಪ್ರೊಸೆಸ್‌ಗೆ ತನ್ನದು ಅಂತ ಯಾವ ಅನುಮತಿಯೂ ಇರುವುದಿಲ್ಲ. ಕ್ರೋಮ್ ಪುಟಗಳನ್ನು ಅದರೊಳಗೆ ಓಡಿಸುತ್ತಾ ಬಂದಿದೆ, ಫೈರ್‌ಫಾಕ್ಸ್ ಬಹಳ ಕಾಲ ಓಡಿಸಲಿಲ್ಲ. ಭದ್ರತೆಗೆ ಒತ್ತು ಕೊಟ್ಟು ಆಂಡ್ರಾಯ್ಡ್‌ನಿಂದಲೇ ಕಟ್ಟಿದ ಗ್ರಾಫೀನ್‌ಓಎಸ್‌ನ ತಂಡ, ಗೆಕ್ಕೊ (ಫೈರ್‌ಫಾಕ್ಸ್‌ನ ಎಂಜಿನ್) ಇರುವ ಬ್ರೌಸರ್ ಬೇಡ ಅನ್ನುವುದು ಇಂಥ ಕಾರಣಗಳಿಗೇ. ನೀವು ಓದಿದ್ದೂ ಬಹುಶಃ ಅದನ್ನೇ.

ಹಾಗಾದರೆ ಫೈರ್‌ಫಾಕ್ಸ್ ಬೇಡವಾ? ಅಷ್ಟು ಸುಲಭದ ಉತ್ತರ ಇಲ್ಲ. ಗ್ರಾಫೀನ್‌ಓಎಸ್‌ನವರು ಯೋಚಿಸುವುದು ಎಂಜಿನ್ ಒಡೆದು ಒಳನುಗ್ಗುವ ದಾಳಿಯ ಬಗ್ಗೆ. ಅಂಥ ದಾಳಿ ನಿಜ, 2019ರಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೊ ತಂಡ ಐಫೋನಿನ ಮೇಲೆ ಒಂದರ ಹಿಂದೊಂದು ಲೋಪ ಬಳಸುವ ಅಂಥ ಐದು ದಾಳಿ ಸರಣಿಗಳನ್ನು ಬಯಲಿಗೆ ತಂದಿತ್ತು, ಸುಮ್ನೆ ಒಂದು ಸೈಟ್ ತೆರೆದರೆ ಸಾಕಾಗಿತ್ತು. ಆದರೆ ನಿಮ್ಮ ಅಮ್ಮನಿಗೆ ದಿನಾ ಎದುರಾಗುವುದು ಅದಲ್ಲ. ಅವರಿಗೆ ಎದುರಾಗುವುದು ಸುಳ್ಳು ವೈರಸ್ ಪುಟ, ಸುಳ್ಳು ಕೆವೈಸಿ ಪುಟ, 'ಈ ಆ್ಯಪ್ ಹಾಕಿ' ಅನ್ನುವ ಜಾಹೀರಾತು. ಅಲ್ಲಿ ಎಂಜಿನ್ ಎಷ್ಟೇ ಗಟ್ಟಿ ಇದ್ದರೂ ಏನೂ ಮಾಡಲಾಗದು, ಜಾಹೀರಾತು ತಡೆಯುವುದೇ ನಿಜವಾದ ರಕ್ಷಣೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಯುಬ್ಲಾಕ್ ಹಾಕಲು ಆಗುವುದಿಲ್ಲ. ಎರಡೂ ಬೇಕು ಅಂದರೆ ಬ್ರೇವ್ ನೋಡಿ. ಒಳಗೆ ಕ್ರೋಮ್‌ಗೂ ಬುನಾದಿಯಾದ ಕ್ರೋಮಿಯಂ, ಜಾಹೀರಾತು ತಡೆ ಜೊತೆಗೇ ಬರುತ್ತದೆ, ಬೇರೇನೂ ಸೇರಿಸಬೇಕಾಗಿಲ್ಲ. ನಾನಾದರೆ ಅಮ್ಮನಿಗೆ ಅದನ್ನೇ ಹಾಕಿಕೊಡುತ್ತೇನೆ. ಯಾವುದೇ ಬ್ರೌಸರ್ ಹಾಕಿದರೂ ಸೈಟುಗಳ ನೋಟಿಫಿಕೇಶನ್ ಅನುಮತಿಯನ್ನು ಪೂರ್ತಿ ಬಂದ್ ಮಾಡಿ, ಸುಳ್ಳು ವೈರಸ್ ಎಚ್ಚರಿಕೆಗಳಲ್ಲಿ ಬಹಳಷ್ಟು ಆ ದಾರಿಯಲ್ಲೇ ಬರುತ್ತವೆ.

ಹಳೇ_ಮೊಬೈಲು:

ಒಂದು ವಿಷಯ ಬಿಟ್ಟುಹೋಗಿದೆ, ವೆಬ್‌ವ್ಯೂ. ನೀವು ಯಾವ ಬ್ರೌಸರ್ ಆರಿಸಿದರೂ ಎಷ್ಟೋ ಆ್ಯಪ್‌ಗಳು ಒಳಗೊಳಗೇ ಪುಟ ತೆರೆಯುವುದು ಇದರಲ್ಲಿ. ಆಂಡ್ರಾಯ್ಡ್ 4.4ರ ತನಕ ಅದು ಓಎಸ್‌ನ ಭಾಗ ಆಗಿತ್ತು. 2015ರ ಜನವರಿಯಲ್ಲಿ 4.3 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳ ವೆಬ್‌ವ್ಯೂಗೆ ಗೂಗಲ್ ಇನ್ನು ಪ್ಯಾಚ್ ಬರೆಯುವುದಿಲ್ಲ ಅಂತ ಹೊರಬಿದ್ದಾಗ, ಬಳಕೆಯಲ್ಲಿದ್ದ ಆಂಡ್ರಾಯ್ಡ್ ಫೋನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಆವೃತ್ತಿಗಳಲ್ಲೇ ಇದ್ದವು. ಆ್ಯಂಡ್ರಾಯ್ಡ್ 5ರಿಂದ ವೆಬ್‌ವ್ಯೂ ಪ್ಲೇ ಸ್ಟೋರ್ ಮೂಲಕ ಬೇರೆಯಾಗಿ ಅಪ್‌ಡೇಟ್ ಆಗುತ್ತದೆ. ಕಂಪನಿ ಓಎಸ್ ಅಪ್‌ಡೇಟ್ ನಿಲ್ಲಿಸಿದ ಫೋನಿಗೂ ಎಂಜಿನ್ ಹೊಸದಾಗಿ ಬರುತ್ತಿರುತ್ತದೆ. ನಮ್ಮಂಥ ದೇಶಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ ಅನ್ನುತ್ತೇನೆ. ಇದಕ್ಕೂ ಬೆಲೆ ಇದೆ: 2021ರ ಮಾರ್ಚ್‌ನಲ್ಲಿ ಒಂದು ಕೆಟ್ಟ ವೆಬ್‌ವ್ಯೂ ಅಪ್‌ಡೇಟ್ ಬಂದು ಜಿಮೇಲ್ ಸೇರಿ ಎಷ್ಟೋ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದವು. ವೇಗವಾಗಿ ಎಲ್ಲರಿಗೂ ತಲುಪುವ ದಾರಿಯಲ್ಲಿ ತಪ್ಪೂ ವೇಗವಾಗಿ ತಲುಪುತ್ತದೆ.

ಉಲ್ಟಾ ಉದಾಹರಣೆ ಬೇಕಾದರೆ 2017ರ ಜಿಯೋಫೋನ್. ಅದರ ಕೈಓಎಸ್ ನಿಂತದ್ದೇ ಗೆಕ್ಕೊ 48ರ ಮೇಲೆ, ಅದು 2016ರ ಎಂಜಿನ್. ಎಂಜಿನ್ನೇ ಓಎಸ್ ಆದಾಗ ಅದನ್ನು ಬದಲಿಸುವುದು ಅಷ್ಟು ಸುಲಭ ಅಲ್ಲ.

ಇನ್ನೂ ಹಿಂದಕ್ಕೆ ಹೋದರೆ ಒಪೆರಾ ಮಿನಿ. ಎಷ್ಟೋ ಫೋನುಗಳಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣುತ್ತಿದ್ದ ಕಾಲದಲ್ಲಿ, ಒಪೆರಾ ಮಿನಿಯ ಕಾನ್ಫಿಗ್ ಪುಟಕ್ಕೆ ಹೋಗಿ ಬಿಟ್‌ಮ್ಯಾಪ್ ಫಾಂಟ್ ಆಯ್ಕೆ ಒತ್ತಿದರೆ ಒತ್ತಕ್ಷರ ಸಮೇತ ಸರಿಯಾಗಿ ಕಾಣುತ್ತಿತ್ತು. ಎಷ್ಟು ಜನ ಮೊದಲ ಸಲ ಮೊಬೈಲಿನಲ್ಲಿ ಕನ್ನಡ ಓದಿದ್ದು ಹಾಗೆ! ಅದು ಸಾಧ್ಯ ಆದದ್ದು ಎಂಜಿನ್ ಫೋನಿನಲ್ಲಿ ಇರದೆ ಅವರ ಸರ್ವರ್‌ನಲ್ಲಿ ಇದ್ದುದರಿಂದ. ಪುಟ ಅಲ್ಲಿ ಬಿಡಿಸಿ, ಅಕ್ಷರವನ್ನು ಚಿತ್ರ ಮಾಡಿ, ಕುಗ್ಗಿಸಿ ಕಳಿಸುತ್ತಿದ್ದರು. ಫೋನಿನ ಮೇಲೆ ಹೊರೆ ಇಲ್ಲ, ಡೇಟಾ ಉಳಿತಾಯ. ಆದರೆ ಬ್ಯಾಂಕಿನ ಎಚ್‌ಟಿಟಿಪಿಎಸ್ ಪುಟ ಕೂಡ ಆ ಸರ್ವರ್‌ನಲ್ಲೇ ಬಿಚ್ಚಿಕೊಳ್ಳುತ್ತಿತ್ತು. ನಡುವೆ ಇರುವವರನ್ನು ಪೂರ್ತಿ ನಂಬಲೇಬೇಕಿತ್ತು.

ತುಂಗಾತೀರ:

ಎಲ್ಲರಿಗೂ ತುಂಬಾ ಧನ್ಯವಾದ. ಅಮ್ಮನ ಫೋನಿಗೆ ಬ್ರೇವ್ ಹಾಕುತ್ತೇನೆ, ನೋಟಿಫಿಕೇಶನ್ ಬಂದ್ ಮಾಡುತ್ತೇನೆ. ಒಂದು ಕೊನೆಯ ಪ್ರಶ್ನೆ: ಜಿಟ್ ಅಷ್ಟು ಅಪಾಯ ಅಂದರೆ ಅದನ್ನೇ ಆಫ್ ಮಾಡಿ ಇಡಲು ಆಗುವುದಿಲ್ಲವಾ? ಫೋನು ತೀರಾ ನಿಧಾನ ಆಗುತ್ತದಾ? ಮತ್ತೆ ಫೇಸ್‌ಬುಕ್ ಒಳಗೆ ಲಿಂಕ್ ಒತ್ತಿದರೆ ತೆರೆಯುವುದೂ ಈ ವೆಬ್‌ವ್ಯೂನಲ್ಲೇನಾ?

ಕೋಡ್‌ಕಟ್ಟೆ:

ಆಫ್ ಮಾಡಬಹುದು. 2021ರಲ್ಲಿ ಮೈಕ್ರೋಸಾಫ್ಟ್ ಎಡ್ಜ್ ತಂಡ ಇದನ್ನೇ ಪ್ರಯೋಗ ಮಾಡಿತು. ಕ್ರೋಮ್‌ನ ವಿ8 ಅನ್ನುವ ಜಾವಾಸ್ಕ್ರಿಪ್ಟ್ ಎಂಜಿನ್‌ನಲ್ಲಿ (ಎಡ್ಜ್ ಒಳಗಿರುವುದೂ ಅದೇ) 2019ರ ನಂತರ ಸಿಕ್ಕ ಲೋಪಗಳಲ್ಲಿ ಸುಮಾರು 45% ಜಿಟ್‌ಗೆ ಸೇರಿದ್ದು ಅಂತ ಅವರು ಲೆಕ್ಕ ಕೊಟ್ಟಿದ್ದರು. ವೇಗ ಅಳೆಯುವ ಬೆಂಚ್‌ಮಾರ್ಕ್‌ನಲ್ಲಿ ದೊಡ್ಡ ಹೊಡೆತ ಕಂಡರೂ, ದಿನನಿತ್ಯ ಪುಟ ಓದುವಾಗ ಬಳಕೆದಾರರಿಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲಿಲ್ಲ ಅಂತಲೂ ಹೇಳಿದ್ದರು. ಗ್ರಾಫೀನ್‌ಓಎಸ್‌ನ ವೆನೇಡಿಯಂ ಬ್ರೌಸರ್‌ನಲ್ಲಿ ಜಿಟ್ ಮೊದಲಿಂದಲೇ ಆಫ್, ಬೇಕಾದ ಸೈಟಿಗೆ ಮಾತ್ರ ಆನ್ ಮಾಡಿಕೊಳ್ಳಬೇಕು. ಆಂಡ್ರಾಯ್ಡ್ ಕ್ರೋಮ್‌ನಲ್ಲೂ ಸೈಟ್ ಸೆಟ್ಟಿಂಗ್ಸ್ ಒಳಗೆ ಜಾವಾಸ್ಕ್ರಿಪ್ಟ್ ಆಪ್ಟಿಮೈಸೇಶನ್ ಅಂತ ಒಂದು ಆಯ್ಕೆ ಇದೆ. ಭಾರದ ಆಟ, ಆನ್‌ಲೈನ್ ಎಡಿಟರ್ ಇಂಥವು ತೆವಳುತ್ತವೆ, ಸುದ್ದಿ ಪುಟಕ್ಕೆ ತೊಂದರೆ ಇಲ್ಲ.

ಐಫೋನಿನಲ್ಲಿ ಜಿಟ್ ಆಫ್ ಆಗುವುದು ಲಾಕ್‌ಡೌನ್ ಮೋಡ್ ಹಾಕಿದಾಗ, ಐಓಎಸ್ 16ರಿಂದ ಇದೆ. ಅದರ ಜೊತೆ ಬೇರೆ ಬಿಗಿಯೂ ಬರುತ್ತದೆ, ಮೆಸೇಜ್‌ನಲ್ಲಿ ಬಹಳಷ್ಟು ಬಗೆಯ ಅಟ್ಯಾಚ್‌ಮೆಂಟ್ ಬರುವುದಿಲ್ಲ, ಪರಿಚಯ ಇಲ್ಲದವರ ಫೇಸ್‌ಟೈಮ್ ಕರೆ ಬರುವುದಿಲ್ಲ. ಪತ್ರಕರ್ತರು, ಹೋರಾಟಗಾರರು ಇಂಥವರಿಗೆ ಮಾಡಿದ್ದು ಅದು. ನಿಮಗೆ ಬೇಕಾಗಿಲ್ಲ ಅನಿಸುತ್ತದೆ, ಬದಲಿಗೆ ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳಿ. ಲಾಕ್‌ಡೌನ್ ಹಾಕಿದರೂ ಯಾವುದಾದರೂ ಸೈಟ್ ಕೆಟ್ಟರೆ ಸಫಾರಿಯಲ್ಲಿ ಆ ಪುಟದ ಮೆನುವಿನಿಂದ ಆ ಒಂದು ಸೈಟನ್ನು ಮಾತ್ರ ಹೊರಗಿಡಬಹುದು.

ಫೇಸ್‌ಬುಕ್ ವಿಷಯ ಅರುಣಾ ಮೇಡಂ ಹೇಳಿದರೆ ಚೆನ್ನ.

ಅರುಣಾ_ವೆಬ್:

ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ತಮ್ಮದೇ ಒಳ ಬ್ರೌಸರ್‌ನಲ್ಲಿ ಲಿಂಕ್ ತೆರೆಯುತ್ತವೆ. ಐಫೋನಿನಲ್ಲಿ ಅದು ವೆಬ್‌ಕಿಟ್‌ನ ವೆಬ್‌ವ್ಯೂ. ಆಂಡ್ರಾಯ್ಡ್‌ನ ಫೇಸ್‌ಬುಕ್ ಆ್ಯಪ್‌ನಲ್ಲಿ ಕ್ರೋಮಿಯಂನಿಂದ ಕಟ್ಟಿದ ತಮ್ಮದೇ ವೆಬ್‌ವ್ಯೂ ಬಳಸುತ್ತೇವೆ ಅಂತ ಮೆಟಾ 2022ರಲ್ಲಿ ಹೇಳಿತ್ತು, ಅಂದರೆ ಅಲ್ಲಿ ಪ್ಯಾಚ್ ಬರುವುದು ಆ ಆ್ಯಪ್‌ನ ಅಪ್‌ಡೇಟ್ ಜೊತೆ. ಅದೇ ವರ್ಷ ಆಗಸ್ಟ್‌ನಲ್ಲಿ ಫೆಲಿಕ್ಸ್ ಕ್ರೌಸ್ ಅನ್ನುವ ಡೆವಲಪರ್, ಐಫೋನಿನ ಈ ಆ್ಯಪ್‌ಗಳು ತಾವು ತೆರೆಯುವ ಬೇರೆಯವರ ಪುಟಕ್ಕೂ ತಮ್ಮ ಜಾವಾಸ್ಕ್ರಿಪ್ಟ್ ಸೇರಿಸುತ್ತವೆ ಅಂತ ತೋರಿಸಿದ್ದರು. ಬಳಕೆದಾರರ ಟ್ರ್ಯಾಕಿಂಗ್ ಆಯ್ಕೆಯನ್ನು ಗೌರವಿಸಲೆಂದೇ ಆ ಕೋಡ್ ಅಂತ ಮೆಟಾ ಉತ್ತರ ಕೊಟ್ಟಿತ್ತು. ಏನೇ ಇರಲಿ, ಅಲ್ಲಿ ಪಾಸ್‌ವರ್ಡ್, ಕಾರ್ಡ್ ಸಂಖ್ಯೆ ಹಾಕಬೇಡಿ. ಮೂಲೆಯ ಮೂರು ಚುಕ್ಕಿ ಒತ್ತಿ 'ಬ್ರೌಸರ್‌ನಲ್ಲಿ ತೆರೆ' ಆರಿಸಿ. ಅಮ್ಮನ ಫೋನಿನಲ್ಲಿ ಬ್ರೇವ್ ಹಾಕಿದ ಮೇಲೆ ಅದನ್ನು ಡೀಫಾಲ್ಟ್ ಬ್ರೌಸರ್ ಮಾಡಿ, ಇಲ್ಲವಾದರೆ ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಹಳೆಯದರಲ್ಲೇ ತೆರೆಯುತ್ತಿರುತ್ತದೆ. ಪ್ಲೇ ಸ್ಟೋರಿನಲ್ಲಿ 'ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ' ಅಂತ ಹುಡುಕಿ, ಅಪ್‌ಡೇಟ್ ಬಾಕಿ ಇದೆಯಾ ಅಂತಲೂ ಒಮ್ಮೆ ನೋಡಿಬಿಡಿ. ಫೋನಿನಲ್ಲಿ ಜಾಗ ಇಲ್ಲದಿದ್ದರೆ ಅದು ಅಪ್‌ಡೇಟ್ ಆಗದೆ ನಿಂತಿರುತ್ತದೆ, ವಾಟ್ಸಾಪ್ ವಿಡಿಯೋ ಒಂದಷ್ಟು ಅಳಿಸಿದರೆ ಮುಂದುವರಿಯುತ್ತದೆ.